ಮೊಣಕಾಲೆತ್ತರದ ಬೆಟ್ಟದಾವರೆ

ಗಿಡಗಳಿಗೆಲ್ಲ ಇನ್ನೂ ಕಾಲಿದ್ದ ಕಾಲದಲ್ಲಿ ಹೂ ಹಂಚುವ ದಿನ ಅಂತ ಒಂದಿತ್ತಂತೆ. ಎಲ್ಲ ಗಿಡಗಳೂ ಬೆಳಕು ಹರಿಯುವ ಮುಂಚೆಯೇ ಹೋಗಿ ಸಾಲು ನಿಂತು, ತಮಗೆ ಬೇಕಾದ ಬಣ್ಣ, ಬೇಕಾದ ಪರಿಮಳ ಆರಿಸಿಕೊಂಡು, ಮನಸ್ಸಿಗೆ ಹಿಡಿಸಿದ ಜಾಗದಲ್ಲಿ ಕಾಲೂರಿ ನಿಂತುಬಿಟ್ಟವಂತೆ. ಒಂದು ಗಿಡ ಮಾತ್ರ ಬರಲಿಲ್ಲ. ಅದು ದಾರಿಯಲ್ಲಿ ಕಂಡದ್ದನ್ನೆಲ್ಲ ನೋಡುತ್ತ, ಇರುವೆಗಳ ಜಗಳ ಬಿಡಿಸುತ್ತ, ಮೋಡ ಯಾವ ಕಡೆ ಹೋಗುತ್ತದೆ ಎಂದು ಕತ್ತೆತ್ತಿ ನಿಲ್ಲುತ್ತ, ಹೊತ್ತು ಇಳಿಯುವಾಗ ಏದುಸಿರು ಬಿಡುತ್ತ ಬಂದು ತಲುಪಿತಂತೆ. ಹೂ ಹಂಚುವವಳ ಬುಟ್ಟಿಯ ತಳದಲ್ಲಿ ಬಣ್ಣ ಹಚ್ಚದ ಬಿಳಿ ಹೂವೊಂದು ಉಳಿದಿತ್ತು. ‘ಬಣ್ಣ ಮುಗಿದುಹೋಯ್ತು, ನೀನೇ ಹಚ್ಚಿಕೋ ಹೋಗು’ ಅಂದಳಂತೆ ಅವಳು. ಹಾಗಾಗಿ ಆ ಗಿಡ ಉಳಿದವೆಲ್ಲ ಹೂ ಬಿಟ್ಟು ಕೈತೊಳೆದುಕೊಂಡ ಮೇಲೆ ನಿಧಾನಕ್ಕೆ ಅರಳುತ್ತದೆ. ಬೆಳಿಗ್ಗೆ ಬಿಳಿ, ಮಧ್ಯಾಹ್ನಕ್ಕೆ ತೆಳು ಗುಲಾಬಿ, ಸಂಜೆಗೆ ಕೆಂಪು, ಅಂತೂ ದಿನವಿಡೀ ಬಣ್ಣ ಹಚ್ಚಿಕೊಳ್ಳುತ್ತಲೇ ಇರುತ್ತದೆ. ಒಂದು ಸಲ ತೋಟದ ಯಜಮಾನ, ಇದು ಯಾವತ್ತೂ ಹೂ ಬಿಡುವ ಜಾತಿಯಲ್ಲ ಎಂದು ಬೇಸತ್ತು ಕೊಡಲಿ ತಂದನಂತೆ. ಆಗ ಗಿಡ ಹೇಳಿತಂತೆ: ‘ಬರ್ತಾ ಇದ್ದೀನಿ, ಇನ್ನೊಂದು ಚೂರು ತಾಳು.’ ಯಜಮಾನ ಕೊಡಲಿ ಬಿಸುಟು ಅಲ್ಲೇ ಕೂತು ಕಾದನಂತೆ.

ಅಜ್ಜಿ ಈ ಕಥೆ ಹೇಳುವಾಗ ಕೊನೆಯ ಮಾತನ್ನು ಗಿಡದ ಧ್ವನಿಯಲ್ಲೇ ಹೇಳುತ್ತಿದ್ದಳು, ಮೂಗಿನಿಂದ, ಎಳೆದು ಎಳೆದು. ಆ ಧ್ವನಿ ಈಗಲೂ, ಅಜ್ಜಿ ಹೋಗಿ ಇಷ್ಟು ವರ್ಷಗಳಾದ ಮೇಲೂ, ಅಂಗಳದ ಮೆಟ್ಟಿಲ ಮೇಲೆ ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮೊಮ್ಮಗಳ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ವಾರದ ರಜೆಯ ಬೆಳಿಗ್ಗೆ. ಚಳಿ ಬಿಡುವ ದಿನಗಳು. ಬಿಸಿಲು ಬಂದು ಇನ್ನೂ ಒಂದು ಮೆಟ್ಟಿಲನ್ನು ಮಾತ್ರ ಹಿಡಿದಿತ್ತು, ಅವಳು ಆ ಮೆಟ್ಟಿಲ ಮೇಲೆಯೇ ಕಾಲಿಟ್ಟಿದ್ದಳು. ಎದುರಿಗೆ, ಅಂಗಳವನ್ನು ಪಕ್ಕದ ಕಟ್ಟಡದಿಂದ ಬೇರೆ ಮಾಡುವ ಎತ್ತರದ ಗೋಡೆಗೂ ಮನೆಗೂ ನಡುವೆ, ಬೆಟ್ಟದಾವರೆಯ ಬರಿಯ ಕಾಂಡಗಳು ಒಂದಷ್ಟು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಕೈಗಳ ಹಾಗೆ ಮೇಲಕ್ಕೆ ಚಾಚಿಕೊಂಡು, ಬಾಗಿಲ ಮೇಲಿನ ಕಾಂಕ್ರೀಟು ಸಜ್ಜಾದ ಅಂಚನ್ನು ದಾಟಿ ಕಣ್ಮರೆಯಾಗಿದ್ದವು. ಸಜ್ಜಾದ ಆಚೆ ಅವು ಏನು ಮಾಡುತ್ತಿದ್ದವೋ ಅವಳಿಗೆ ತಿಳಿಯದು. ತಲೆ ಎತ್ತಿ ನೋಡುವುದನ್ನೇ ಅವಳು ಬಿಟ್ಟಿದ್ದಳು. ಬೆಳಿಗ್ಗೆ ಅಂಗಡಿಗೆ ಹೋಗುವಾಗ, ಸಂಜೆ ಬರುವಾಗ, ಬಾಕಿ ಉಳಿಸಿಕೊಂಡ ಅಂಗಡಿಯ ಮುಂದೆ ನಡೆದ ಹಾಗೆ ನೆಲ ನೋಡಿಕೊಂಡೇ ಆ ಗಿಡವನ್ನು ದಾಟುತ್ತಿದ್ದಳು. ಇವತ್ತು ಹಾಗೆ ದಾಟಿಹೋಗುವಂತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡಮ್ಮ ಕೆಳಗೆ ಬರುತ್ತಾಳೆ. ಬಂದರೆ ಈ ಬಾಗಿಲಲ್ಲಿ ನಿಲ್ಲುತ್ತಾಳೆ, ನಿಂತರೆ ಗಿಡವನ್ನು ನೋಡುತ್ತಾಳೆ, ನೋಡಿದರೆ ಎರಡು ಸಲ ಹೇಳಿದ ಸುಳ್ಳು ಆಳೆತ್ತರಕ್ಕಿಂತ ಎತ್ತರವಾಗಿ ಎದುರಿಗೇ ನಿಂತಿರುತ್ತದೆ.

ಸುಳ್ಳು ಅಂದರೆ ದೊಡ್ಡ ಸುಳ್ಳೇನೂ ಅಲ್ಲ, ಒಂದು ‘ಹೂಂ’. ದೊಡ್ಡಮ್ಮ ಮೆಟ್ಟಿಲಲ್ಲಿ ಜಾರಿ ಮೊಣಕಾಲಿನ ಚಿಪ್ಪು ಒಡೆದುಕೊಂಡ ವರ್ಷ ಅದು. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಡೀ ಜೀವಮಾನ ಬೇರೆಯವರ ಕೈಕಾಲಿಗೆ ಸುಣ್ಣದ ಪಟ್ಟಿ ಸುತ್ತಿ, ದಿನ ತುಂಬಿದ ಮೇಲೆ ಅದೇ ಕೈಯಿಂದ ಕತ್ತರಿಸಿ ಬಿಡಿಸಿದವಳು, ತನ್ನ ಸರದಿ ಬಂದಾಗ ಹಳೆಯ ಸಹೋದ್ಯೋಗಿಗಳಿಂದ ಕುರ್ಚಿಯಲ್ಲಿ ಹೊರಿಸಿಕೊಂಡು ಮಹಾರಾಣಿಯ ಹಾಗೆ ಮೇಲಿನ ಕೋಣೆಗೇ ಹೋದಳು. ಕೆಳಗೆ ಮಲಗು ಅಂದರೆ ಕೇಳಲಿಲ್ಲ. “ಕೆಳಗೆ ಮಲಗಿದ್ರೆ ಬರೋರ ಹೋಗೋರ ಕಾಲು ಕಾಣುತ್ತೆ ಕಣೆ, ಮೇಲಾದ್ರೆ ತಲೆ ಕಾಣುತ್ತೆ. ಕಾಲು ನೋಡಿ ನೋಡಿ ನನಗೆ ಸಾಕಾಗಿದೆ.” ಆಮೇಲೆ ಮಲಗಿದಲ್ಲಿಂದಲೇ ಮನೆ ನಡೆಸತೊಡಗಿದಳು. ಹಾಲಿನವನಿಗೆ ಹೀಗೆ ಹೇಳು, ನಲ್ಲಿಗೆ ಹಾಗೆ ದಾರ ಸುತ್ತು. ಚಳಿ ಬಿಡುವ ಹೊತ್ತಿಗೆ, “ಬೆಟ್ಟದಾವರೆಯನ್ನ ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿಬಿಡು, ನನ್ನ ಕೈಲಿ ಈ ಸಲ ಆಗಲ್ಲ. ಮರೀತೀಯಾ? ಮಾತು ಕೊಡು.” ಅವಳು ಕೊಟ್ಟಳು. ಆ ಮಾತು ಕೊಡುವಾಗ ಕೈಯಲ್ಲಿ ದೊಡ್ಡಮ್ಮನ ಔಷಧಿಯ ಲೋಟವಿತ್ತು. ಅದನ್ನು ಎಲ್ಲಿಡುವುದೆಂದು ತೋಚದೆ, ಲೋಟ ಹಿಡಿದ ಕೈಯನ್ನೇ ದೊಡ್ಡಮ್ಮನ ಕೈಮೇಲಿಟ್ಟಿದ್ದಳು.

ಕತ್ತರಿಸುವುದು ಅವಳಿಗೆ ಗೊತ್ತಿರದ ಕೆಲಸವಲ್ಲ. ಅವಳ ಹೊಟ್ಟೆಪಾಡೇ ಅದು. ಕೋಟು, ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಉದ್ದನೆಯ ಮೇಜಿನ ಮುಂದೆ ನಿಂತು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮೊಣಕೈಯುದ್ದದ ಕತ್ತರಿ ಆಡಿಸುತ್ತಾಳೆ. ಕತ್ತರಿ ದಪ್ಪ ಉಣ್ಣೆಯ ಮೂಲಕ ಹೋಗುವಾಗ ಮೇಜಿನ ಹಲಗೆಯಿಂದ ಬರುವ ಕರಕರ ಸದ್ದು ಅವಳಿಗೆ ಇಷ್ಟ. ಆದರೆ ಸೇರಿದ ಹೊಸತರಲ್ಲಿ ಒಂದು ಕೋಟಿನ ತೋಳು ಗಿಡ್ಡವಾಗಿಹೋಯಿತು. ಮಾಸ್ಟರ್ ಬೈಯಲಿಲ್ಲ. ಬೈದಿದ್ದರೆ ಅಂದಿಗೇ ಮುಗಿಯುತ್ತಿತ್ತು. ಆ ತೋಳನ್ನು ಅವಳ ಮೇಜಿನ ಎದುರಿನ ಗೋಡೆಯ ಮೊಳೆಗೆ ತೂಗುಹಾಕಿ, “ಬಟ್ಟೆ ಗಿಡವಲ್ಲಮ್ಮ, ಮತ್ತೆ ಚಿಗುರಲ್ಲ” ಅಂದರು, ಅಷ್ಟೆ. ಬೂದು ಬಣ್ಣದ ಆ ಒಂಟಿ ತೋಳು ಫ್ಯಾನಿನ ಗಾಳಿಗೆ ಇಡೀ ದಿನ ಅವಳನ್ನು ಕರೆದ ಹಾಗೆ ಅಲ್ಲಾಡುತ್ತಿತ್ತು. ಅಂದಿನಿಂದ ಅವಳು ಗೆರೆಯ ಆಚೆ ಒಂದಿಂಚು ಬಿಡುವಲ್ಲಿ ಎರಡಿಂಚು ಬಿಡತೊಡಗಿದಳು. ಇರಲಿ, ಬೇಕಾದರೆ ಒಳಗೆ ಮಡಿಸಬಹುದು. ಹೊಲಿಯುವವರು ಗೊಣಗಿದರು, ಆಮೇಲೆ ನಕ್ಕರು, ಆಮೇಲೆ ಅದೇ ಅವಳ ಹೆಸರಾಯಿತು. “ಏನಮ್ಮ ಎರಡಿಂಚು, ಈ ಪ್ಯಾಂಟಲ್ಲಿ ಇನ್ನೊಬ್ಬ ಮನುಷ್ಯ ಹಿಡೀತಾನಲ್ಲ, ಅವನಿಗೂ ಬಿಲ್ ಹಾಕ್ಲಾ?” ಎಂದು ಮಾಸ್ಟರ್ ಗಿರಾಕಿಗಳ ಎದುರಿಗೇ ಕೇಳುತ್ತಿದ್ದರು. ಗಿರಾಕಿಗಳು ನಗುವಾಗ ಅವಳೂ ನಗುತ್ತಿದ್ದಳು. ತೋಳು ನಗದೆ ತೂಗುತ್ತಿತ್ತು.

ಹೀಗೆ ಎರಡಿಂಚು ಎಂದು ಕರೆಸಿಕೊಂಡವಳು ಆ ವರ್ಷ ಕೈಯಲ್ಲಿ ಗರಗಸ ಹಿಡಿದು ಗಿಡದ ಮುಂದೆ ನಿಂತಾಗ ಮೊಣಕಾಲಿನ ಮಟ್ಟ ಎಲ್ಲಿ ಎಂದು ಬಗ್ಗಿ ನೋಡಿದಳು. ಅಲ್ಲಿಂದ ಮೇಲೆ ಇಡೀ ಗಿಡವೇ ಇತ್ತು. ಅಷ್ಟನ್ನೂ ತೆಗೆದರೆ ಉಳಿಯುವುದು ನಾಲ್ಕು ಮೋಟು. ತಪ್ಪಿದರೆ? ಯಾವ ಮೊಳೆಗೆ ತೂಗುಹಾಕುತ್ತಾರೆ? ಗರಗಸದ ಹಲ್ಲು ತೊಗಟೆಗೆ ತಾಗಿಸಿದಳು. ಎಲ್ಲಿಂದಲೋ, ಮೂಗಿನಿಂದ, ಎಳೆದು ಎಳೆದು, ಬರ್ತಾ ಇದ್ದೀನಿ, ಇನ್ನೊಂದು ಚೂರು ತಾಳು. ಅವಳು ಗರಗಸ ಕೆಳಗಿಟ್ಟು, ಒಳಗೆ ಹೋಗಿ ಚಿಕ್ಕ ಕತ್ತರಿ ತಂದು, ಸ್ಟೂಲು ಹತ್ತಿ, ಪ್ರತಿ ಕೊಂಬೆಯ ತುದಿಯಿಂದ ಎರಡೆರಡು ಇಂಚು ಕತ್ತರಿಸಿದಳು. ತುಂಡುಗಳನ್ನು ಗುಡಿಸಿದಾಗ ಒಂದು ಹಿಡಿ ಆಯಿತು. ಮೇಲಿನಿಂದ ದೊಡ್ಡಮ್ಮ ಕೇಳಿದಳು, “ಕತ್ತರಿಸಿದೆಯೇನೆ?” ಅವಳು “ಹೂಂ” ಅಂದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮಾರನೆಯ ವರ್ಷ ಆ ಎರಡಿಂಚೂ ಇರಲಿಲ್ಲ, ಹೂಂ ಮಾತ್ರ ಇತ್ತು.

ಆಮೇಲೆ ಗಿಡ ಹೂ ಬಿಡಲಿಲ್ಲ. ಮೊದಲು ದೊಡ್ಡಮ್ಮನ ಕೈಯಲ್ಲಿದ್ದಾಗ ಅದು ಪ್ರತಿ ಸಲ ಮೋಟಿನಿಂದಲೇ ಎದ್ದು, ಮಳೆ ಮುಗಿಯುವಷ್ಟರಲ್ಲಿ ಭುಜದೆತ್ತರ ಬೆಳೆದು, ಬೀದಿಯ ಬೇರೆ ಯಾವ ಮನೆಯಲ್ಲೂ ಹೂ ಇಲ್ಲದ ದಿನಗಳಲ್ಲಿ ಅಂಗೈಯಗಲ ಹೂ ತಳೆದು ನಿಲ್ಲುತ್ತಿತ್ತು. ಅಂಗಡಿಗೆ ಹೊರಟವಳ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ಈಗ ಕೆಳಗೆಲ್ಲ ಬೋಳು ಕಾಂಡ, ಎಲ್ಲೋ ಮೇಲೆ ಒಂದಿಷ್ಟು ಎಲೆ. ತಾನು ಮಾಡಿದ್ದು, ತನ್ನ ಎರಡಿಂಚು ಮಾಡಿದ್ದು ಎಂದು ಅವಳಿಗೆ ಖಚಿತವಾಗಿತ್ತು. ಗಿಡಕ್ಕೂ ಗಿಡ್ಡ ತೋಳಿಗೂ ಒಂದೇ ಕೈ. ಎದುರು ಮನೆಯ ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡೇ ಕಿಟಕಿಗೆ ಬಂದು ದಾರಿಹೋಕರನ್ನು ಮಾತಿಗೆಳೆಯುವ ಚಟ. ಕಳೆದ ಸಲ ಮಳೆ ನಿಂತ ಮೇಲೆ ಒಂದು ಸಂಜೆ ಅವರು, “ಏನಮ್ಮ, ನಿಮ್ಮ ಗಿಡ ಈ ವರ್ಷ ಭಾರಿ ಜೋರು” ಅಂದರು. ಎಲ್ಲರನ್ನೂ ಛೇಡಿಸುವ ಮನುಷ್ಯ. ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಗೇಟು ಹಾಕಿಕೊಂಡು ಒಳಗೆ ಬಂದು, ದೀಪ ಹಾಕದೆ, ಚಪ್ಪಲಿ ಬಿಚ್ಚದೆ ಸ್ವಲ್ಪ ಹೊತ್ತು ನಿಂತಿದ್ದಳು.

ಎಲ್ಲಕ್ಕಿಂತ ಕುಟುಕುತ್ತಿದ್ದದ್ದು ಮೇಲಿನ ಕೋಣೆಯ ಪರದೆ. ಮೊದಲು ಹಗಲೆಲ್ಲ ಕಿಟಕಿ ತೆರೆದಿಟ್ಟು ಬೀದಿಯ ತಲೆಗಳನ್ನು ನೋಡುತ್ತಿದ್ದ ದೊಡ್ಡಮ್ಮ, ಎರಡು ವರ್ಷಗಳಿಂದ, ಅವಳು ಯಾವಾಗ ಮೇಲೆ ಹೋದರೂ ಪರದೆ ಎಳೆದುಕೊಂಡೇ ಇರುತ್ತಿದ್ದಳು. ಬೆಳಕು ಕಣ್ಣಿಗೆ ಚುಚ್ಚುತ್ತೆ ಅನ್ನುತ್ತಿದ್ದಳು. ಪರದೆ ಹೊಲಿದದ್ದು ಅವಳೇ, ಅಂಗಡಿಯಲ್ಲಿ ಉಳಿದ ದಪ್ಪ ನೀಲಿ ಬಟ್ಟೆಯಲ್ಲಿ. ಎರಡಿಂಚು ಹೆಚ್ಚು ಬಿಟ್ಟಿದ್ದರಿಂದ ಕಿಟಕಿಯ ಒಂದು ಗೆರೆ ಬೆಳಕೂ ಒಳಗೆ ಬರುತ್ತಿರಲಿಲ್ಲ. ಆ ನೀಲಿ ಕತ್ತಲೆಯಲ್ಲಿ ದಿಂಬಿಗೊರಗಿ ಕೂತ ದೊಡ್ಡಮ್ಮನಿಗೆ ಕಾಫಿ ಕೊಡುವಾಗ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಹೂವಿಲ್ಲದ ಗಿಡವನ್ನು ನೋಡಲಾರದೆ ಕಿಟಕಿಯನ್ನೇ ಮುಚ್ಚಿಕೊಂಡಿದ್ದಾಳೆ. ಇಳಿದು ಬರುವ ಹುಮ್ಮಸ್ಸೇ ಹೋಗಿದೆ. ಚಿಪ್ಪು ಕೂಡಿ ಎಷ್ಟೋ ಕಾಲವಾಯಿತು ಎಂದು ಡಾಕ್ಟರೇ ಹೇಳಿದ್ದರಲ್ಲ. ಕಾಲು ಮಡಿಸಿ ಬಿಡಿಸುವ ವ್ಯಾಯಾಮವನ್ನು ದೊಡ್ಡಮ್ಮ ದಿನಾ ಮಾಡುತ್ತಾಳೆ, ಕೋಣೆಯಲ್ಲಿ ಗೋಡೆ ಹಿಡಿದು ನಡೆಯುತ್ತಾಳೆ, ಬಚ್ಚಲಿಗೆ ತಾನೇ ಹೋಗಿಬರುತ್ತಾಳೆ. ಮೆಟ್ಟಿಲ ಮಾತೆತ್ತಿದರೆ ಮಾತ್ರ, “ಮುಂದಿನ ತಿಂಗಳು ನೋಡೋಣ” ಎಂದು ಮಗ್ಗುಲಾಗುತ್ತಾಳೆ.

ಅಂಥವಳು ಈ ವಾರ ಇದ್ದಕ್ಕಿದ್ದಂತೆ ಬಡಗಿಯನ್ನು ಕರೆಸಿ ಮೆಟ್ಟಿಲ ಗೋಡೆಗೆ ಮರದ ಕಂಬಿ ಹಾಕಿಸಿದಳು. ನಿನ್ನೆ ಸಂಜೆ ಅವಳನ್ನು ಕೂಗಿ ಹೇಳಿದಳು: “ಕಂಬಿ ಗಟ್ಟಿ ಇದೆ. ಬಡಗೀನೇ ಜೋತಾಡಿ ತೋರಿಸ್ದ. ನಾಳೆ ನಿನಗೆ ರಜೆ ಅಲ್ವಾ? ಊಟಕ್ಕೆ ನಾನು ಕೆಳಗೆ ಬರ್ತೀನಿ.”

“ಇಷ್ಟು ಬೇಗ ಯಾಕೆ ದೊಡ್ಡಮ್ಮ?”

“ಬೇಗನಾ? ಎರಡು ವರ್ಷಕ್ಕೆ ಬೇಗ ಅಂತೀಯಲ್ಲೆ. ನಿನ್ನ ಕೈಗೆ ಅಳತೆ ಟೇಪು ಕೊಟ್ಟವರು ಯಾರು?”

ಅದಕ್ಕೇ ಈಗ ಗರಗಸ ತೊಡೆಯ ಮೇಲಿತ್ತು. ಬಿಸಿಲು ಇನ್ನೊಂದು ಮೆಟ್ಟಿಲು ಇಳಿದಿತ್ತು. ಈಗ ಕತ್ತರಿಸಿಬಿಟ್ಟರೆ ದೊಡ್ಡಮ್ಮ ಬರುವಷ್ಟರಲ್ಲಿ ಮೋಟು ಕಾಣುತ್ತದೆ, ಸುಳ್ಳು ನಿಜವಾಗುತ್ತದೆ. ತೋಳಿನ ದಪ್ಪದ ಕಾಂಡಗಳ ಹಸಿ ಗಾಯವನ್ನು ಮಣ್ಣು ಮೆತ್ತಿ ಮುಚ್ಚಬಹುದು. ಈ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದ್ದು ಗಿಡದ ಹತ್ತಿರ ಹೋಗಿ, ಮೊದಲ ಕಾಂಡಕ್ಕೆ ಗರಗಸ ಒತ್ತಿ, ಒಂದು ಸಲ ಎಳೆದಳು. ತೊಗಟೆಯ ಪುಡಿ ಚಪ್ಪಲಿಯ ಮೇಲೆ ಬಿತ್ತು. ಒಳಗಿನ ಹಸಿರು ಕಂಡಿತು, ತೇವವಾಗಿ, ಚಿಕ್ಕ ಮಗುವಿನ ವಸಡಿನ ಹಾಗೆ. ಕೈ ನಿಂತುಹೋಯಿತು. ಎಷ್ಟು ವರ್ಷದವಳು ನಾನು ಎಂದು ತನ್ನನ್ನು ತಾನೇ ಕೇಳಿಕೊಂಡಳು. ಅಜ್ಜಿಯ ಮಡಿಲು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯ ವಾಸನೆ, ಕಥೆಯಲ್ಲಿ ಕೊಡಲಿ ಬಂದ ಕೂಡಲೆ ತಾನು ಅಜ್ಜಿಯ ಬಾಯಿಗೆ ಕೈ ಅಡ್ಡ ಇಡುತ್ತಿದ್ದದ್ದು. ಕೈ ಅಡ್ಡ ಇದ್ದರೂ ಅಜ್ಜಿ ಬೆರಳುಗಳ ಸಂದಿಯಿಂದಲೇ ಮಾತಾಡುತ್ತಿದ್ದಳು, ಅಂಗೈಗೆ ಕಚಗುಳಿಯಾಗುತ್ತಿತ್ತು. ಹಾಗೆ ನೋಡಿದರೆ ಆ ಕಚಗುಳಿಯ ನೆನಪೇ ಕಥೆಗಿಂತ ಗಟ್ಟಿ.

“ಏ ಹುಡುಗಿ, ಎಲ್ಲಿ ಹೋದೆ? ಬಾ ಇಲ್ಲಿ, ಪರದೆ ಬಿಚ್ಚಬೇಕು” ಎಂದು ಮೇಲಿನಿಂದ ಕೂಗು ಬಂತು.

ಗರಗಸವನ್ನು ಗೋಡೆಗೊರಗಿಸಿ ಅವಳು ಮೇಲೆ ಹೋದಳು. ಹೋಗುವಾಗ ಹೊಸ ಕಂಬಿಯನ್ನು ಹಿಡಿದುಕೊಂಡೇ ಹೋದಳು. ಇನ್ನೂ ಅದರಲ್ಲಿ ಮರದ ಪುಡಿಯ ವಾಸನೆಯಿತ್ತು. ಹೇಳಿಬಿಡುವುದು ಎಂದುಕೊಂಡಳು. ಪರದೆ ಬಿಚ್ಚಿದ ಮೇಲೆ ಹೇಳುವುದು, ಇಲ್ಲ, ಬಿಚ್ಚುವ ಮೊದಲೇ. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ತಲೆ ಬಾಚಿ, ಊರಿಗೆ ಹೊರಟವಳ ಹಾಗೆ ಕೂತಿದ್ದಳು. ಪಕ್ಕದಲ್ಲಿ ಅವಳ ಕನ್ನಡಕ, ಔಷಧಿಯ ಡಬ್ಬಿ, ಮೆಚ್ಚಿನ ದಿಂಬು ಎಲ್ಲ ಒಂದು ಚೀಲಕ್ಕೆ ಸೇರಿದ್ದವು.

“ಕೆಳಗಿನ ಕಿಟಕಿಗೆ ಇದೇ ಆಗುತ್ತೆ. ಎರಡಿಂಚು ಉದ್ದ ಆಗ್ಬಹುದು, ಅದೇನು ನಮಗೆ ಹೊಸದಲ್ಲ” ಎಂದಳು ದೊಡ್ಡಮ್ಮ.

“ದೊಡ್ಡಮ್ಮ, ನಿನಗೊಂದು ಹೇಳ್ಬೇಕಿತ್ತು.”

“ಮೊದಲು ಬಿಚ್ಚು. ಆಮೇಲೆ ಹೇಳು.”

ಅವಳು ಸ್ಟೂಲು ಹತ್ತಿ ಪರದೆಯ ಕೋಲನ್ನು ಕೊಕ್ಕೆಯಿಂದ ಎತ್ತಿದಳು. ನೀಲಿ ಬಟ್ಟೆ ಒಮ್ಮೆಲೇ ಅವಳ ಮುಖದ ಮೇಲೆ ಕವಿದು ಬಿತ್ತು, ಧೂಳು, ಉಸಿರು ಕಟ್ಟಿತು. ಬಟ್ಟೆಯನ್ನು ಬದಿಗೆ ಸರಿಸಿದಾಗ ಕಿಟಕಿಯ ಸರಳುಗಳ ಆಚೆ ಅವಳಿಗೆ ಬೀದಿ ಕಾಣಲಿಲ್ಲ. ಗಿಡ ಕಂಡಿತು. ಕೆಳಗೆ ಬೋಳಾಗಿದ್ದ ಅದೇ ಗಿಡ ಇಲ್ಲಿ ಕಿಟಕಿಯ ತುಂಬ ಕೊಂಬೆ ಚಾಚಿ, ಒಂದೆರಡನ್ನು ಸರಳುಗಳ ಒಳಕ್ಕೇ ತೂರಿಸಿ, ನೆಂಟರ ಮನೆಗೆ ಬಂದು ಬೇರೂರಿದ ಹಾಗೆ ಕೂತಿತ್ತು. ತುದಿತುದಿಯಲ್ಲೂ ಒಣಗಿ ಬಿರಿದ ಉರುಟು ಕಾಯಿಗಳು. ಅವುಗಳ ಒಳಗಿನ ಬೀಜದ ಕಂದು ರೋಮ ಗಾಳಿಗೆ ನಡುಗುತ್ತಿತ್ತು. ಕಾಯಿ ಇದ್ದಲ್ಲೆಲ್ಲ ಹೂ ಇದ್ದಿರಬೇಕು. ಅವಳು ಸರಳಿಗೆ ಹಣೆಯೊತ್ತಿ ಕೆಳಗೆ ನೋಡಿದಳು. ಸಜ್ಜಾದ ಮೇಲೆ, ಗೋಡೆಯ ಮೂಲೆಯಲ್ಲಿ, ಉದುರಿ ಸುರುಟಿದ ಹೂಗಳು ರಾಶಿ ಬಿದ್ದಿದ್ದವು, ಮಳೆಗೆ ನೆನೆದು ಬಿಸಿಲಿಗೆ ಒಣಗಿ ಕಡುಗೆಂಪಿಂದ ಕಂದಿಗೆ ತಿರುಗಿದ ಹೂಗಳು, ಥೇಟು ಅವಳ ಮೇಜಿನ ಕೆಳಗೆ ಸಂಜೆ ಉಳಿಯುವ ಬಟ್ಟೆಚೂರುಗಳ ಹಾಗೆ. ಅವಳು ಸ್ಟೂಲಿನ ಮೇಲೆಯೇ, ಪರದೆಯನ್ನು ಮಗುವಿನಂತೆ ಎದೆಗವಚಿಕೊಂಡು ನಿಂತಳು.

“ಇದೇನು ದೊಡ್ಡಮ್ಮ?”

“ಗಿಡ. ನೀನು ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿದ್ದೀಯಲ್ಲ, ಅದೇ.”

ಅವಳು ಸರಳಿನ ಒಳಗೆ ತೂರಿದ್ದ ಕೊಂಬೆಯ ಒಂದು ಕಾಯಿಯನ್ನು ಮುಟ್ಟಿ ನೋಡಿದಳು.

“ಯಾರ ಮೊಣಕಾಲು ಅಂತ ನಾನು ಬಿಡಿಸಿ ಹೇಳಿರ್ಲಿಲ್ಲ, ಅದು ನನ್ನ ತಪ್ಪು. ಜಿರಾಫೆದು ಅಂದ್ಕೊಂಡಿರ್ತೀಯ.”

“ನಿನಗೆ ಗೊತ್ತಿತ್ತಾ?”

“ಹೂ ಬಂದು ಮೂಗಿಗೆ ತಾಗ್ತಾ ಇದ್ರೆ ಗೊತ್ತಾಗ್ದೆ ಇರುತ್ತಾ? ನೀನು ಅಂಗಡಿಗೆ ಹೋಗೋ ಹೊತ್ತಿಗೆ ಬಿಳೀ ಇರ್ತಿತ್ತು. ನೀನು ಬರೋ ಹೊತ್ತಿಗೆ ಕೆಂಪಾಗಿರ್ತಿತ್ತು. ನಡುವೆ ಇಡೀ ದಿನ ನಾನು ನೋಡ್ತಾ ಕೂತಿರ್ತಿದ್ದೆ. ಅದು ಯಾವ ಗಳಿಗೇಲಿ ಬಣ್ಣ ಬದಲಾಯಿಸುತ್ತೆ ಅಂತ ಹಿಡೀಬೇಕು ಅಂತ. ಒಂದು ಸಲನೂ ಆಗ್ಲಿಲ್ಲ. ಕಣ್ಣು ಮಿಟುಕಿಸಿದ್ರೆ ಆಗಿಬಿಟ್ಟಿರುತ್ತೆ.” ದೊಡ್ಡಮ್ಮ ಕನ್ನಡಕವನ್ನು ಚೀಲದಿಂದ ತೆಗೆದು ಹಾಕಿಕೊಂಡಳು. “ಸಂಜೆ ಗೇಟಿನ ಸದ್ದಾದ ತಕ್ಷಣ ಪರದೆ ಎಳೀತಿದ್ದೆ.”

“ಯಾಕೆ?”

“ಯಾಕೆ ಅಂದ್ರೆ? ನೀನು ಹೂಂ ಅಂದಿದ್ದೆಯಲ್ಲ. ಕಿಟಕಿ ತುಂಬ ಹೂ ಇಟ್ಕೊಂಡು ನಿನ್ನ ಮುಖ ಹೇಗೆ ನೋಡ್ಲಿ? ನಿನಗೂ ಕಷ್ಟ, ನನಗೂ ಕಷ್ಟ.”

ಅವಳು ಸ್ಟೂಲಿನಿಂದ ಇಳಿದು ಮಂಚದ ಕಾಲಿನ ಬಳಿ ನೆಲದ ಮೇಲೆ ಕೂತಳು. ಎರಡು ವರ್ಷದ ಸಂಜೆಗಳು ತಲೆಕೆಳಗಾಗಿ, ಒಳಗಿನ ಹೊಲಿಗೆ ಹೊರಗಾಗಿ, ಅವಳ ಮುಂದೆ ಹರಡಿಕೊಂಡವು. ನೀಲಿ ಕತ್ತಲೆಯಲ್ಲಿ ಕಾಫಿ ಕೊಡುತ್ತ ತಾನು ಕಣ್ಣು ತಪ್ಪಿಸುತ್ತಿದ್ದಾಗ, ಪರದೆಯ ಆಚೆ ಅಂಗೈಯಗಲ ಕೆಂಪು ಹೂಗಳು ಕಿವಿಗೊಟ್ಟು ನಿಂತಿರುತ್ತಿದ್ದವು. ಗಡಿಯಾರದವರು ಛೇಡಿಸಿರಲಿಲ್ಲ, ಕಂಡದ್ದನ್ನು ಹೇಳಿದ್ದರು. ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣೀರೂ ಬಂತು. ಎರಡನ್ನೂ ಪರದೆಯಲ್ಲಿ ಒರೆಸಿಕೊಂಡಳು.

“ಹಾಗಾದ್ರೆ ಬೈಯೋದಿತ್ತು” ಎಂದಳು. “ಬೈದಿದ್ರೆ ಕತ್ತರಿಸ್ತಿದ್ದೆ.”

“ಅದಕ್ಕೇ ಬೈಲಿಲ್ಲ. ನೀನು ಕತ್ತರಿಸಿಬಿಟ್ಟಿದ್ರೆ ನಾನು ಇಲ್ಲಿ ಏನು ನೋಡ್ಬೇಕಿತ್ತು, ನಿನ್ನ ಪರದೆನಾ? ನಿಜ ಹೇಳ್ಲಾ? ಕಳೆದ ವರ್ಷಾನೇ ಇಳೀಬಹುದಿತ್ತು ನಾನು. ಹೂ ಇದ್ದಲ್ಲಿ ನಾನೂ ಇರೋಣ ಅಂತ ಇದ್ದೆ. ಈ ಸಲ ನೋಡು, ಮೇಲಿನ ಕೊಂಬೆ ಎಲ್ಲ ಟೆರೇಸಿನ ಕಡೆ ಮುಖ ಮಾಡಿವೆ. ಮುಂದಿನ ಹೂ ಅಲ್ಲೇ. ಅಷ್ಟು ಮೇಲೆ ಹತ್ತೋಕೆ ನನ್ನಿಂದ ಆಗಲ್ಲ ಕಣೆ. ಅದಕ್ಕೆ ಯೋಚನೆ ಮಾಡ್ದೆ, ಇಬ್ರೂ ಕೆಳಗಿಳಿಯೋದೇ ವಾಸಿ.”

ಕಿಟಕಿಯಿಂದ ಬಂದ ಬೆಳಕು ದೊಡ್ಡಮ್ಮನ ಮೊಣಕಾಲಿನ ಮೇಲೆ ಬಿದ್ದಿತ್ತು. ಸೀರೆಯ ನೆರಿಗೆಯ ಕೆಳಗೆ ಅದರ ಉಬ್ಬು ಒಂದು ಕಡೆ ತುಸು ಜಾಸ್ತಿ. ಅವಳು ಅದನ್ನೇ ನೋಡುತ್ತ, ಯಾರಿಗೂ ಈವರೆಗೆ ಹೇಳದ್ದನ್ನು, ಮೂವತ್ತು ದಾಟಿದ ಹೆಂಗಸು ಬಾಯಿಬಿಟ್ಟು ಹೇಳಬಾರದಂಥದ್ದನ್ನು ಹೇಳಿದಳು. “ಕತ್ತರಿಸೋಕೆ ಹೋದ್ರೆ ಅದು ಮಾತಾಡುತ್ತೆ ದೊಡ್ಡಮ್ಮ. ಅಜ್ಜಿ ಕಥೇಲಿ ಮಾತಾಡಿದ ಹಾಗೆ. ಬರ್ತಾ ಇದ್ದೀನಿ, ಇನ್ನೊಂದು ಚೂರು ತಾಳು ಅಂತ.”

ದೊಡ್ಡಮ್ಮ ನಗಲಿಲ್ಲ. “ಆಮೇಲೆ ಯಜಮಾನ ಏನು ಮಾಡ್ತಾನೆ?”

“ಕೊಡಲಿ ಬಿಸಾಕಿ ಕೂತು ಕಾಯ್ತಾನೆ.”

“ನಿನಗೆ ಹಾಗೆ ಹೇಳಿದ್ಲಾ ಅಮ್ಮ?” ದೊಡ್ಡಮ್ಮ ದಿಂಬನ್ನು ಚೀಲದಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ತಟ್ಟಿದಳು. “ನನಗೆ ಹೇಳಿದ ಕಥೇಲಿ ಯಜಮಾನ ಕಡಿದೇ ಕಡೀತಾನೆ. ಗಿಡ ‘ಬರ್ತಾ ಇದ್ದೀನಿ’ ಅನ್ನುತ್ತೆ, ಆದ್ರೆ ಬರೋಕಾಗಲ್ಲ ಅದಕ್ಕೆ, ಹಳೇ ಕೊಂಬೆ ಎಲ್ಲ ಹೊತ್ಕೊಂಡು ನಡೀತಾ ಇರುತ್ತೆ ಪಾಪ, ಮನೆ ಸಾಮಾನೆಲ್ಲ ತಲೆ ಮೇಲಿಟ್ಕೊಂಡೋರ ಹಾಗೆ. ಅದಕ್ಕೇ ಅದು ಎಲ್ಲರಿಗಿಂತ ತಡ. ಯಜಮಾನ ಮೊಣಕಾಲಿಗೆ ಕಡಿದು, ‘ಈಗ ಬಾ’ ಅಂತಾನೆ. ಆಗ ಓಡ್ಕೊಂಡು ಬರುತ್ತೆ. ನೀನು ಕೊಡಲಿ ಅಂದ್ರೆ ಸಾಕು, ಅಳೋಕೆ ಶುರು ಮಾಡ್ತಿದ್ದೆ. ಅಮ್ಮನ ಬಾಯಿಗೆ ಕೈ ಅಡ್ಡ ಇಡ್ತಿದ್ದೆ. ಅವಳೋ ಮೊಮ್ಮಗಳು ಅತ್ತರೆ ಕಥೇಲಿ ಯಾರನ್ನ ಬೇಕಾದ್ರೂ ಬದುಕಿಸೋಳು. ಕಡಿಯೋದನ್ನೇ ತೆಗೆದುಬಿಟ್ಟಿದ್ದಾಳೆ.”

ಅವಳು ಕೈ ಬಿಡಿಸಿ ನೋಡಿಕೊಂಡಳು. ಅಂಗೈಯಲ್ಲಿ ಆ ಕಚಗುಳಿ. ಬೆರಳ ಸಂದಿಯಿಂದ ಹೊರಬರುತ್ತಿದ್ದ ಮಾತು ಅಲ್ಲಿಗೇ ನಿಂತದ್ದು, ಒಂದು ಕ್ಷಣ ಯೋಚಿಸಿ, ತನ್ನ ಮುಖ ನೋಡಿ, ಬೇರೆ ದಾರಿ ಹಿಡಿದದ್ದು. ಅಜ್ಜಿಯೂ ಗೆರೆಯ ಆಚೆ ಎರಡಿಂಚು ಬಿಟ್ಟಿದ್ದಳು, ಬೇಕಾದಾಗ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು.

“ಪ್ಲಾಸ್ಟರ್ ಕೋಣೇಲಿ ಮಕ್ಕಳು ಕತ್ತರಿ ನೋಡಿ ಕಿರುಚೋವು,” ಎಂದಳು ದೊಡ್ಡಮ್ಮ, ಕಿಟಕಿಯ ಕಡೆ ನೋಡುತ್ತ. “ನಾನು ಹೇಳ್ತಿದ್ದೆ, ನಾನು ಕತ್ತರಿಸೋದು ನಿನ್ನನ್ನಲ್ಲ ಮರಿ, ಸುಣ್ಣಾನ. ನಂಬ್ತಿರ್ಲಿಲ್ಲ. ಕತ್ತರಿಸಿ ಆದ್ಮೇಲೆ ಕಾಲು ಅಲ್ಲಾಡಿಸಿ ನೋಡ್ಕೊಳ್ಳೋವು. ಹೋಗು. ಊಟಕ್ಕೆ ಮುಂಚೆ ಮುಗಿಸು.”

ಕೆಳಗೆ ಬಂದು ಅವಳು ಅಂಗಳದ ನಡುವೆ ನಿಂತು, ಎರಡು ವರ್ಷಗಳ ನಂತರ, ತಲೆ ಎತ್ತಿ ನೋಡಿದಳು. ಸಜ್ಜಾದ ಅಂಚು, ಅದರಾಚೆ ಕಾಯಿಗಳ ಒಂದು ಗೊಂಚಲು, ಅದರಾಚೆ ಆಕಾಶ. ಕಿಟಕಿಯ ಸರಳಿನ ಹಿಂದೆ ದೊಡ್ಡಮ್ಮನ ಕನ್ನಡಕ ಹೊಳೆಯಿತು. ಗರಗಸ ಮೊದಲಿನ ಗಾಯದಲ್ಲಿಯೇ ಕೂತಿತು. ಎಳೆದಳು, ನೂಕಿದಳು. ಉಣ್ಣೆಯ ಮೂಲಕ ಹೋಗುವ ಕತ್ತರಿಯ ಸದ್ದಿಗೂ ಇದಕ್ಕೂ ಅಂಥ ವ್ಯತ್ಯಾಸವಿರಲಿಲ್ಲ, ಇದು ಇನ್ನೂ ಸ್ವಲ್ಪ ಒದ್ದೆ, ಅಷ್ಟೆ. ಮೊದಲ ಕಾಂಡ ವಾಲಿ, ಗೋಡೆಗೆ ಒರಗಿ, ತನ್ನ ಕಾಯಿಗಳನ್ನೆಲ್ಲ ಗಲಗಲ ಅಲ್ಲಾಡಿಸುತ್ತ ನಿಧಾನಕ್ಕೆ ಅಂಗಳದಲ್ಲಿ ಮಲಗಿತು. ಬೀಜದ ರೋಮ ಅವಳ ಕೂದಲ ತುಂಬ. ಅವಳು ಕಿವಿಗೊಟ್ಟಳು. ಯಾರೂ ಏನೂ ಅನ್ನಲಿಲ್ಲ.

“ಅದು ಮೊಣಕಾಲಲ್ಲ, ತೊಡೆ” ಎಂದಿತು ಮೇಲಿನ ಕಿಟಕಿ. “ಇನ್ನೂ ಕೆಳಗೆ.”

“ಎರಡಿಂಚು ಬಿಟ್ಟಿದ್ದೀನಿ ದೊಡ್ಡಮ್ಮ.”

“ಬಿಡ್ಬೇಡ. ಇದು ಒಳಗೆ ಮಡಿಸೋ ಬಟ್ಟೆ ಅಲ್ಲ.”

ಸದ್ದಿಗೆ ಎದುರು ಮಹಡಿಯ ಕಿಟಕಿ ತೆರೆದುಕೊಂಡಿತು. ಹಣೆಯ ಮೇಲೆ ಭೂತಗನ್ನಡಿ. “ಅಯ್ಯೋ, ಕಡೀತಾ ಇದ್ದೀರಾ? ಇನ್ಮೇಲೆ ನಾನೇನು ನೋಡ್ಲಿ?”

“ನಿಮ್ಮ ಗಡಿಯಾರ ನೋಡಿ” ಎಂದಳು ದೊಡ್ಡಮ್ಮ ಅಲ್ಲಿಂದಲೇ. “ಒಂದೂ ಸರಿಯಾದ ಟೈಮು ತೋರಿಸಲ್ವಂತೆ.”

“ಅವು ನಿಮ್ಮ ಗಿಡ ನೋಡೇ ತಡವಾಗಿ ನಡೆಯೋದು ಕಲಿತಿದ್ದು. ಹೋಗ್ಲಿ, ಒಂದು ಕಡ್ಡಿ ಕೊಡೀಮ್ಮ. ಕುಂಡದಲ್ಲಿ ನೆಟ್ಟು ನೋಡ್ತೀನಿ.”

ಅವಳು ಒಳ್ಳೆಯ ಚಿಗುರುಗಣ್ಣುಗಳಿದ್ದ ಕೊಂಬೆಯೊಂದನ್ನು ಆರಿಸಿ, ಮೊಳದುದ್ದ ಕತ್ತರಿಸಿ ಗೇಟಿನ ಕಂಬದ ಮೇಲಿಟ್ಟಳು. ಅಂಗಡಿಯ ಗೋಡೆಯ ಬೂದು ತೋಳು ನೆನಪಾಯಿತು, ಯಾಕೋ ಈ ಸಲ ಕುಟುಕಲಿಲ್ಲ. ಅದು ಈಗ ಹೊಲಿಯುವವರೆಲ್ಲ ಗುಂಡುಸೂಜಿ ಚುಚ್ಚಿಡುವ ಜಾಗ. ಯಾರ ತೋಳು, ಯಾಕೆ ಅಲ್ಲಿದೆ ಎಂದು ಹೊಸಬರಿಗೆ ಗೊತ್ತೂ ಇಲ್ಲ. ಸೂಜಿ ಬೇಕಾದಾಗ ತಾನೂ ಅಲ್ಲಿಗೇ ಕೈ ಚಾಚುವುದಿದೆ, ಎಷ್ಟೋ ಕಾಲದಿಂದ. ಎರಡನೆಯ ಕಾಂಡ ಬಿತ್ತು. ಮೂರನೆಯದು. ಒಂದೊಂದು ಬಿದ್ದ ಹಾಗೂ ಅಂಗಳಕ್ಕೆ ಒಂದೊಂದು ಮಡಿಕೆ ಬಿಚ್ಚಿದಷ್ಟು ಬೆಳಕು ಬಂತು. ಕೆಳಗಿನ ಕೋಣೆಯ ಒಳಗೆ, ದೊಡ್ಡಮ್ಮನಿಗಾಗಿ ಹಾಸಿದ ಹಾಸಿಗೆಯ ಮೇಲೆ, ಕಿಟಕಿಯ ನಾಲ್ಕು ಚೌಕಗಳು ಮೂಡಿದವು. ಅಲ್ಲಿ ಮಲಗಿದವರಿಗೆ ಮುಂದಿನ ಹೂ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅವಳು ದಿಂಬಿನ ಎತ್ತರವನ್ನೂ ಕಿಟಕಿಯ ಕೆಳಗಿನ ಅಂಚನ್ನೂ ಕಣ್ಣಲ್ಲೇ ಅಳೆದು, ಸರಿ ಎಂದುಕೊಂಡಳು. ತೋಳು ನೋಯುತ್ತಿತ್ತು, ಬೆವರಿಗೆ ಮರದ ಪುಡಿ ಅಂಟಿಕೊಂಡಿತ್ತು, ಹೊಟ್ಟೆ ಹಸಿದಿತ್ತು.

ಕೊನೆಯ ಕಾಂಡವೇ ಎಲ್ಲಕ್ಕಿಂತ ದಪ್ಪ. ಗರಗಸ ನಡುವಿನವರೆಗೆ ಹೋಗಿ ಸಿಕ್ಕಿಕೊಂಡಿತು. ಅವಳು ಮಂಡಿಯೂರಿ ಕೂತು, ಮೋಟನ್ನು ಭುಜದಿಂದ ಒತ್ತಿ ಹಿಡಿದು, ಮತ್ತೆ ಎಳೆಯಲು ತೊಡಗಿದಳು. ಆಗ ಮನೆಯ ಒಳಗೆ, ಮೇಲೆಲ್ಲೋ, ಕೋಲಿನ ಸದ್ದಾಯಿತು. ಕಂಬಿ ಕಿರುಗುಟ್ಟಿತು. ಒಂದು ಮೆಟ್ಟಿಲು. ತುಂಬಾ ಹೊತ್ತು ಏನೂ ಇಲ್ಲ. ಇನ್ನೊಂದು ಮೆಟ್ಟಿಲು.

“ದೊಡ್ಡಮ್ಮ, ನಿಲ್ಲು, ನಾನು ಬಂದು ಕೈ ಹಿಡೀತೀನಿ” ಎಂದು ಅವಳು ಕೂಗಿದಳು.

“ನೀನು ನಿನ್ನ ಕೆಲಸ ನೋಡು.” ಏದುಸಿರಿನ ನಡುವೆ, ಮೂಗಿನಿಂದ, ಎಳೆದು ಎಳೆದು, ತನಗೇ ಹೇಳಿಕೊಂಡ ಹಾಗೆ ಬಂತು ಧ್ವನಿ: “ಬರ್ತಾ ಇದ್ದೀನಿ, ಇನ್ನೊಂದು ಚೂರು ತಾಳು.”

ಅವಳು ತಾಳಿದಳು, ಮೆಟ್ಟಿಲಿನ ಸದ್ದಿಗೆ ಸರಿಯಾಗಿ ಗರಗಸ ಎಳೆಯುತ್ತ. ಕೋಲು ಕೆಳಗಿನ ನೆಲಕ್ಕೆ ತಾಗಿತು, ಚಪ್ಪಲಿ ಹುಡುಕಿತು, ಅಂಗಳದ ಬಾಗಿಲಲ್ಲಿ ಬಂದು ನಿಂತಿತು. ಆಗ ಕಾಂಡ ಒಮ್ಮೆ ಸಣ್ಣಗೆ ಚಟ್ ಎಂದು, ತನ್ನ ಎಲ್ಲ ಹಳೆಯ ಕೊಂಬೆಗಳ ಸಮೇತ, ಬಿಸಿಲು ತುಂಬಿದ ಅಂಗಳಕ್ಕೆ ಬಿತ್ತು. ದೊಡ್ಡಮ್ಮ ಮೆಟ್ಟಿಲಿಳಿದು ಬಂದು, ಸೀರೆಯನ್ನು ತುಸು ಎತ್ತಿ, ತನ್ನ ಮೊಣಕಾಲನ್ನು ಮೋಟಿನ ಪಕ್ಕಕ್ಕೆ ತಂದು ಹಿಡಿದಳು. ಎರಡೂ ಸಮ ಇದ್ದವು.